ಸುಖ ಕೇಳುವ ಮಿಸ್

ಮಿಸ್ ತೀರಿಕೊಂಡ ಸುದ್ದಿ ಬಂದಾಗ ನಾನು ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದೆ. ಫೋನು ಸೊಸೆಯ ಕೈಯಲ್ಲಿತ್ತು. ಅವಳು ಬಾಗಿಲಲ್ಲಿ ನಿಂತು, “ಅತ್ತೇ, ಚೆನ್ನೈಯಿಂದ ಫೋನ್. ನಿಮ್ಮ ಸೈಕಾಲಜಿ ಮಿಸ್ ಹೋದ್ರಂತೆ” ಎಂದಳು. ಡಾಕ್ಟರರು ಒಳ್ಳೆಯ ಹುಡುಗ. ಕೈ ಹಿಂದೆ ತೆಗೆದು, ನಾನು ಏನಾದರೂ ಹೇಳುತ್ತೇನೋ ಎಂದು ಕಾದರು. ನಾನು ಬಾಯಿ ಮುಚ್ಚಲೇ ಇಲ್ಲ. ಮುಚ್ಚಿದರೆ ಮತ್ತೆ ಮಾತಾಡಲಿಕ್ಕೆ ತೆರೆಯಬೇಕಾಗುತ್ತಿತ್ತು. ಅವರು ಕೆಲಸ ಮುಂದುವರಿಸಿದರು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಹಲ್ಲಿನ ಲೆಕ್ಕಕ್ಕೆ ಹಾಕಿಕೊಂಡು ಇನ್ನೊಂದು ಇಂಜೆಕ್ಷನ್ ಕೊಟ್ಟರು. ಮನುಷ್ಯರ ಭಾವನೆಯನ್ನು ಹೊರಗಿನಿಂದ ಅಳೆಯುವುದು ಬಹಳ ಕಷ್ಟದ ಕೆಲಸ ಎಂದು ಮಿಸ್ ಹೇಳುತ್ತಿದ್ದರು. ಆ ದಿನ ನಾನೇ ಅದಕ್ಕೊಂದು ಎಕ್ಸಾಂಪಲ್ ಆದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ಒಳ್ಳೆಯದು ಬರೆದರೆ ಅವರಿಗೆ ಆಗುತ್ತಿರಲಿಲ್ಲ. ಕೆಟ್ಟದು ಬರೆಯಲು ನನಗೆ ಆಗುವುದಿಲ್ಲ. ಬಂಟ್ವಾಳ ಪೇಟೆಯಲ್ಲಿ ಅವರಿಗಿದ್ದ ಹೆಸರು ‘ಸುಖ ಕೇಳುವ ಮಿಸ್’. ಅಂಚೆಯವನೂ ಆ ಹೆಸರಿನಲ್ಲೇ ಅವರ ಮನೆ ಹುಡುಕುತ್ತಿದ್ದ.

ನಮ್ಮ ಜಿಲ್ಲೆ ಮದ್ರಾಸು ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಓದು ಮುಗಿಸಿ ಬೆಳ್ತಂಗಡಿಯ ಹತ್ತಿರದ ನಮ್ಮ ಮನೆಗೆ ಬಂದು, ಕಲಿತ ಇಂಗ್ಲಿಷನ್ನು ದಿನಕ್ಕಿಷ್ಟು ಎಂದು ಮರೆಯುತ್ತಾ ಕೂತಿದ್ದೆ. ನಮ್ಮ ಬಂಟರ ಮನೆಗಳಲ್ಲಿ ಆಗ ಯಜಮಾನ ಎಂದರೆ ಅಪ್ಪ ಅಲ್ಲ, ಅಮ್ಮನ ಅಣ್ಣ. ಆ ಮಾವನ ಎದುರಿಗೆ ಒಂದು ದಿನ ಮಿಸ್ ಬಂದು ಕೂತರು. ಎತ್ತರದ ಹೆಂಗಸು. ಮದುವೆ ಆಗಿಲ್ಲ, ಆಗುವ ಪ್ರಾಯ ದಾಟಿದೆ, ಅದರ ಬಗ್ಗೆ ಕ್ಷಮೆ ಕೇಳುವ ಮುಖವೂ ಇಲ್ಲ. ಬಿಳಿ ಸೀರೆಗೆ ಗಂಡಸರ ಕೊಡೆ. ಮೂಡಬಿದ್ರೆಯ ಜೈನರ ಮನೆಯಲ್ಲಿ ಹುಟ್ಟಿದವರು, ಆದರೆ ಸಣ್ಣದಿರುವಾಗಲೇ ಅಪ್ಪನ ಕೆಲಸದ ಜೊತೆ ಮದ್ರಾಸಿಗೆ ಹೋದವರು. ಊಟದ ತುಳು ಬರುತ್ತಿತ್ತು, ಪ್ರಶ್ನೆಯ ತುಳು ಬರುತ್ತಿರಲಿಲ್ಲ. ಅದಕ್ಕಾಗಿ ಇಂಗ್ಲಿಷ್, ತುಳು ಎರಡೂ ಬರುವ ಮರ್ಯಾದಸ್ಥರ ಮನೆಯ ಹುಡುಗಿಯನ್ನು ಹುಡುಕಿಕೊಂಡು ಬಂದಿದ್ದರು.

ಏನು ಕೆಲಸ ಎಂದು ಮಾವ ಕೇಳಿದರು. ಬೇರೆ ಬೇರೆ ಜಾತಿ, ಮತದ ಜನರಿಗೆ ಸಂತೋಷ, ದುಃಖ, ಸಿಟ್ಟು, ಹೆದರಿಕೆ ಇವೆಲ್ಲ ಒಂದೇ ಅಳತೆಯಲ್ಲಿ ಆಗುತ್ತವೋ, ಹೆಚ್ಚು ಕಡಿಮೆ ಆಗುತ್ತವೋ ಎಂದು ತಿಳಿಯಬೇಕು, ಥೀಸಿಸ್ ಬರೆದು ಮದ್ರಾಸಿನಲ್ಲಿ ಕೊಡಬೇಕು ಎಂದು ಮಿಸ್ ವಿವರಿಸಿದರು. ಮಾವ ಎಲೆಯಡಿಕೆ ಜಗಿದು ಮುಗಿಸುವವರೆಗೆ ಯೋಚನೆ ಮಾಡಿದರು.

“ಮದ್ರಾಸಿನವರಿಗೆ ಯಾಕೆ ಮಾರಾಯ್ರೆ ನಮ್ಮ ದುಃಖ? ನಾವೀಗ ಮೈಸೂರಿನವರಲ್ವಾ?”

ಮಿಸ್ ನಗಲಿಲ್ಲ. ಅದು ಅವರ ಮೊದಲನೆಯ ಗುಣ. ಯಾರು ಏನು ಹೇಳಿದರೂ ಅದು ಇನ್ಫರ್ಮೇಷನ್ ಎಂಬ ಹಾಗೆ ಕೇಳಿಸಿಕೊಳ್ಳುತ್ತಿದ್ದರು. ಮಾವನಿಗೆ ಅದು ಹಿಡಿಸಿತು. ಅವರ ಮಾತನ್ನು ಅಷ್ಟು ಗಂಭೀರವಾಗಿ ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹೀಗೆ ನಾನು ಇಂಟರ್‌ಪ್ರಿಟರ್ ಆದೆ.

ನನಗೂ ಈ ವಿಷಯ ಹೊಸದು. ಕಾನ್ವೆಂಟಿನಲ್ಲಿ ನಮಗೆ ಫೀಲಿಂಗ್ಸ್ ಕಲಿಸಿರಲಿಲ್ಲ, ಮ್ಯಾನರ್ಸ್ ಕಲಿಸಿದ್ದರು. ಫೀಲಿಂಗ್ಸ್ ಬಂದರೆ ಕರ್ಚೀಫು ಉಪಯೋಗಿಸಬೇಕು ಎಂಬಷ್ಟು ಗೊತ್ತಿತ್ತು.

ಬಂಟ್ವಾಳದಲ್ಲಿ ಹೊಳೆಯ ಬದಿಯ ಸಾಲುಮನೆಯೊಂದನ್ನು ಮಿಸ್ ಬಾಡಿಗೆಗೆ ಹಿಡಿದರು. ವಾರದ ದಿನಗಳಲ್ಲಿ ನಾನೂ ಅಲ್ಲೇ. ಬಲಗಡೆ ಮನೆ ಐಸಮ್ಮನದು. ಅವರು ಬ್ಯಾರಿಗಳು, ನಮ್ಮ ಕರಾವಳಿಯ ಮುಸ್ಲಿಮರು; ಗಂಡನಿಗೆ ಒಣಮೀನಿನ ವ್ಯಾಪಾರ. ಎದುರುಗಡೆ ಗಿರಿಜಕ್ಕನ ಮನೆ; ಅವರ ಯಜಮಾನರಿಗೆ ಜವಳಿ ಅಂಗಡಿ. ನಮ್ಮ ಹಿತ್ತಿಲಿಗೂ ಐಸಮ್ಮನ ಹಿತ್ತಿಲಿಗೂ ನಡುವೆ ಸೊಂಟದೆತ್ತರದ ಗೋಡೆ. ಆ ಗೋಡೆಯ ಮೇಲಿಂದ ಬೆಂಕಿ, ಉಪ್ಪು, ಐಸಮ್ಮನ ಪತ್ತಿರ್ ಎಂಬ ಅಕ್ಕಿರೊಟ್ಟಿ, ಬುದ್ಧಿವಾದ ಎಲ್ಲವೂ ಆಚೀಚೆ ಹೋಗುತ್ತಿದ್ದವು.

ಮಿಸ್ ದೇವರನ್ನು ನಂಬುತ್ತಿರಲಿಲ್ಲ, ಆದರೆ ಹೊತ್ತು ಮುಳುಗುವ ಮೊದಲು ಊಟ ಮುಗಿಸುತ್ತಿದ್ದರು. ನೆಲದಡಿಯ ಗಡ್ಡೆ ಮುಟ್ಟುತ್ತಿರಲಿಲ್ಲ. ಕೇಳಿದರೆ, “ಇದು ಧರ್ಮ ಅಲ್ಲ, ಅಭ್ಯಾಸ” ಎನ್ನುತ್ತಿದ್ದರು. ಐಸಮ್ಮನಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನಾವು ರಂಜಾನಿನಲ್ಲಿ ಹೊತ್ತು ಮುಳುಗಿದ ಮೇಲೆ ತಿನ್ನುತ್ತೇವೆ, ನಿಮ್ಮವರು ಮುಳುಗುವ ಮೊದಲು ತಿನ್ನುತ್ತಾರೆ, ಸೂರ್ಯ ಒಬ್ಬನೇ ಅಲ್ವಾ ಎಂದಳು. ಮಿಸ್ ಅದನ್ನೂ ಇನ್ಫರ್ಮೇಷನ್ ಆಗಿ ತೆಗೆದುಕೊಂಡರು.

ಇನ್ನು ಅವರ ಕೆಲಸದ ಕ್ರಮ. ಓದು ಬಾರದವರೇ ಹೆಚ್ಚು ಇದ್ದ ಊರುಗಳು. ಕಾಗದದ ಪ್ರಶ್ನೆ ನಡೆಯುವುದಿಲ್ಲ. ಆದ್ದರಿಂದ ಮಿಸ್ ನಾಲ್ಕು ತೆಂಗಿನ ಗೆರಟೆಗಳನ್ನು, ಅಂದರೆ ಕಾಯಿಯ ಖಾಲಿ ಚಿಪ್ಪುಗಳನ್ನು, ನುಣ್ಣಗೆ ಉಜ್ಜಿ, ಅಂಚಿಗೆ ಬೇರೆ ಬೇರೆ ಬಣ್ಣ ಬಳಿದಿದ್ದರು. ಒಂದು ಸಂತೋಷದ್ದು, ಒಂದು ದುಃಖದ್ದು, ಒಂದು ಸಿಟ್ಟಿನದು, ಒಂದು ಹೆದರಿಕೆಯದು. ಜೊತೆಗೆ ಒಂದು ಚೀಲ ಗುಲಗಂಜಿ. ನಿಮಗೆ ಎಷ್ಟುಂಟೋ ಅಷ್ಟು ಹಾಕಿ ಎಂದು ನಾನು ತುಳುವಿನಲ್ಲಿ ಹೇಳಬೇಕು, ಅವರು ಹಾಕಬೇಕು, ಮಿಸ್ ನೋಡಬೇಕು. ಅಷ್ಟೇ.

ಅಷ್ಟೇ ಎಂದು ನಾವು ತಿಳಿದಿದ್ದೆವು. ಕಕ್ಕಿಂಜೆಯಲ್ಲಿ ಒಬ್ಬಳು ಸೊಸೆ ಸಿಟ್ಟಿನ ಗೆರಟೆಯನ್ನು ಹಿಡಿದುಕೊಂಡು, “ಯಾರ ಸಿಟ್ಟು ಹಾಕುದು? ನನ್ನದಾ, ಅತ್ತೆಯದಾ?” ಎಂದು ಕೇಳಿದಳು. ಅತ್ತೆ ಪಕ್ಕದಲ್ಲೇ ಕೂತಿದ್ದಳು. ಮಿಜಾರಿನಲ್ಲಿ ಒಬ್ಬ ಅಜ್ಜಿ ಯಾವ ಗೆರಟೆಗೂ ಏನೂ ಹಾಕದೆ, ಗುಲಗಂಜಿಯನ್ನೆಲ್ಲ ಸೆರಗಿನ ತುದಿಗೆ ಕಟ್ಟಿಕೊಂಡು, ಮೊಮ್ಮಗಳಿಗೆ ಆಡಲಿಕ್ಕಾಯಿತು ಎಂದು ಎದ್ದು ಹೋದಳು. ಮೂಡಬಿದ್ರೆಯ ಒಬ್ಬ ಅಕ್ಕಸಾಲಿ ಮೊದಲು ಗುಲಗಂಜಿಯನ್ನು ತಕ್ಕಡಿಗೆ ಹಾಕಿ ನೋಡಿದ. ಕೆಲವು ತೂಕದಲ್ಲಿ ಕಡಿಮೆ ಉಂಟು, ಇಂಥದ್ದರಲ್ಲಿ ಅಳೆದರೆ ನಾಳೆ ತಕರಾರು ಬಂದೀತು ಎಂದ. ನಮ್ಮ ಮಾವ ಮನೆಯ ಹೆಂಗಸರನ್ನೆಲ್ಲ ಒಳಗೆ ಕಳಿಸಿ, ಎಲ್ಲರ ಗೆರಟೆಯನ್ನೂ ತಾವೇ ತುಂಬಿಸಿಕೊಟ್ಟರು. ನನ್ನ ಅಮ್ಮನಿಗೆ ದುಃಖವೇ ಇಲ್ಲ ಎಂದು ಅಂದು ಗೊತ್ತಾಯಿತು.

ಆ ಮಳೆಗಾಲ ನೇತ್ರಾವತಿಯ ನೀರು ಪೇಟೆಗೆ ಹತ್ತಿದಾಗ, ಹೆದರಿಕೆ ಅಳೆಯಲು ಇದಕ್ಕಿಂತ ಒಳ್ಳೆಯ ಅಪಾರ್ಚುನಿಟಿ ಸಿಗದು ಎಂದು ಮಿಸ್ ಸೀರೆ ಎತ್ತಿ ಕಟ್ಟಿ ಹೊರಟರು. ಗಿರಿಜಕ್ಕನ ಯಜಮಾನರು ಮೊಣಕಾಲು ನೀರಿನಲ್ಲಿ ನಿಂತು, ಬಟ್ಟೆಯ ಗಂಟುಗಳನ್ನು ಅಟ್ಟಕ್ಕೆ ದಾಟಿಸುತ್ತಾ, ಹೆದರಿಕೆಯ ಗೆರಟೆಗೆ ಒಂದೆರಡು ಕಾಳು ಹಾಕಿದರು. ಇದು ವರ್ಷವೂ ಬರುವುದು ಎಂದರು. ಮಗಳ ಮೆಟ್ರಿಕ್ ರಿಸಲ್ಟಿನ ದಿನ ಅದೇ ಮನುಷ್ಯ ಅದೇ ಗೆರಟೆಯನ್ನು ತುಂಬಿಸಿ ಚೆಲ್ಲಿದರು.

ವರ್ಷ ಕಳೆಯುವ ಹೊತ್ತಿಗೆ ಒಂದು ವಿಷಯ ಕಣ್ಣಿಗೆ ಹೊಡೆಯುವ ಹಾಗೆ ಕಂಡಿತು. ಬ್ಯಾರಿಗಳ ಮನೆಗಳಲ್ಲಿ ಸಂತೋಷದ ಗೆರಟೆ ತುಂಬುತ್ತಿತ್ತು, ದುಃಖದ್ದು ಖಾಲಿ. ಬಂಟರ ಮನೆ, ಜೈನರ ಮನೆ, ಪೇಟೆಯ ಉಳಿದ ಹಿಂದೂಗಳ ಮನೆ, ಎಲ್ಲ ಕಡೆ ಸಂತೋಷದ ಗೆರಟೆಯ ತಳ ಕೂಡ ಮುಚ್ಚುತ್ತಿರಲಿಲ್ಲ. ಮಿಸ್ ಇದನ್ನು ಮದ್ರಾಸಿನ ಪ್ರೊಫೆಸರರಿಗೆ ಬರೆದರು. ಪ್ರೊಫೆಸರರಿಗೆ ಬಹಳ ಖುಷಿ ಆಯಿತು. ಇಷ್ಟು ನೀಟ್ ಆದ ರಿಸಲ್ಟ್ ಅಪರೂಪ, ಒಂದು ಗುಂಪು ಸುಖಿ, ಉಳಿದವು ಅಸುಖಿ, ಇನ್ನು ಕಾರಣ ಬರೆದು ಥೀಸಿಸ್ ಮುಗಿಸಿ ಎಂದು ಉತ್ತರ ಬಂತು.

ಮುಗಿಸಿದರೆ ಮದ್ರಾಸಿನ ಹೆಂಗಸರ ಕಾಲೇಜಿನಲ್ಲಿ ಲೆಕ್ಚರರ್ ಹುದ್ದೆ ಕಾದಿತ್ತು. ಮುಗಿಸದಿದ್ದರೆ ಮೂಡಬಿದ್ರೆಯ ಅಣ್ಣನ ಮನೆ ಕಾದಿತ್ತು. ಅಲ್ಲಿ ಅತ್ತಿಗೆಯ ಮಕ್ಕಳಿಗೆ ಜಡೆ ಹಾಕಿಕೊಂಡು ಇರಬಹುದಿತ್ತು. ಬಂಟ್ವಾಳದ ಬಾಡಿಗೆ ಮನೆ ಎರಡರಲ್ಲಿ ಯಾವುದರಲ್ಲೂ ಬರುವುದಿಲ್ಲ. ಅದು ಥೀಸಿಸ್ ಮುಗಿಯುವವರೆಗೆ ಮಾತ್ರ.

ಆದರೆ ಮಿಸ್ ಬರೆಯಲು ಕೂರಲಿಲ್ಲ. ಎರಡು ದಿನ ಜಗಲಿಯಲ್ಲಿ ಕೂತು ಎದುರಿನ ರಸ್ತೆ ನೋಡಿದರು. ಆಮೇಲೆ ನನ್ನನ್ನು ಕರೆದು ಹೇಳಿದರು:

“ಇದು ಸುಖದ ಅಳತೆ ಅಲ್ಲ. ಯಾರ ಮನೆಯಲ್ಲಿ ಹೇಗೆ ಮಾತಾಡ್ಬೇಕು ಅಂತ ಕಲಿಸಿದ್ದಾರೆ, ಅದರ ಅಳತೆ.”

ಅವರು ಹೇಳಿದ್ದು ನಮ್ಮ ಊರಿನಲ್ಲಿ ಮಕ್ಕಳಿಗೂ ಗೊತ್ತಿದ್ದದ್ದೇ. ನಮ್ಮಲ್ಲಿ ಸುಖ ಉಂಟು ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ಕಣ್ಣು ತಾಗುತ್ತದೆ. ಗದ್ದೆ ಒಳ್ಳೆಯದು ಬಂದರೆ ಪರವಾಗಿಲ್ಲ ಎನ್ನಬೇಕು. ಮಗು ದುಂಡಗಿದ್ದರೆ ಸೊರಗಿದೆ ಎನ್ನಬೇಕು. ಬ್ಯಾರಿಗಳಲ್ಲಿ ಇದರ ಇನ್ನೊಂದು ಮಗ್ಗುಲು: ದೇವರು ಕೊಟ್ಟದ್ದಕ್ಕೆ ಮುಖ ಸಿಂಡರಿಸಬಾರದು. ಏನೇ ಆಗಿರಲಿ, ‘ಅಲ್‌ಹಮ್ದುಲಿಲ್ಲಾ’ ಎನ್ನಬೇಕು. ಎರಡು ಕಡೆಯವರೂ ಕಲಿಸಿದ ಹಾಗೆ ಗೆರಟೆ ತುಂಬಿಸಿದ್ದರು. ಎಲ್ಲರ ಮ್ಯಾನರ್ಸ್ ಪರ್ಫೆಕ್ಟ್ ಆಗಿತ್ತು.

ಮಿಸ್ಸಿಗೆ ಇದು ಹೊಳೆದದ್ದು ಐಸಮ್ಮನಿಂದ. ನಾವು ಬರುವ ಹಿಂದಿನ ವರ್ಷ ಅವಳ ದೊಡ್ಡ ಮಗಳು ಚೊಚ್ಚಲ ಹೆರಿಗೆಯಲ್ಲಿ ತೀರಿಹೋಗಿದ್ದಳು. ಆದರೂ ಐಸಮ್ಮ ತನ್ನ ಸಂತೋಷದ ಗೆರಟೆಯನ್ನು ಗೋಪುರ ಮಾಡಿ ತುಂಬಿಸಿದ್ದಳು, ದುಃಖದ್ದನ್ನು ಬೋರಲು ಹಾಕಿದ್ದಳು. ಆ ಎರಡು ದಿನಗಳಲ್ಲೇ ಒಂದು ಸಂಜೆ ಗಿರಿಜಕ್ಕ ನಮ್ಮ ಹಿತ್ತಿಲ ಮೆಟ್ಟಿಲಲ್ಲಿ ಕೂತು ಅವಳ ಹಿತ್ತಿಲ ಕಡೆ ಗದ್ದದಿಂದ ತೋರಿಸಿ ಅಂದರು, “ಅವಳಿಗೆ ಸುಖವಾ? ಆ ಮಲ್ಲಿಗೆ ಗಿಡ ನೋಡಿ ಮಿಸ್. ಮೊದಲು ಒಂದು ಮೊಗ್ಗು ನಾನು ಮುಟ್ಟಿದ್ರೆ ಜಗಳಕ್ಕೆ ಬರ್ತಿದ್ಲು, ಮಗಳಿಗೆ ಬೇಕು ಅಂತ. ಈಗ ಕೊಯ್ಯುದೇ ಇಲ್ಲ. ಹೂವು ಗಿಡದಲ್ಲೇ ಬಾಡ್ತದೆ.”

ಆ ಗಿಡವನ್ನು ಮಿಸ್ ದಿನಾ ನೋಡುತ್ತಿದ್ದರು. ಹೂವು ಕೊಯ್ಯದೆ ಬಿಡುವುದು ಬ್ಯಾರಿಗಳ ಪದ್ಧತಿ ಎಂದು ತಿಳಿದಿದ್ದರು.

ಮಾರನೆಯ ದಿನದಿಂದ ಅವರು ಕೆಲಸದ ಕ್ರಮವನ್ನೇ ಬದಲಿಸಿದರು. ನಿಮಗೆ ಎಷ್ಟುಂಟು ಎಂದು ಯಾರನ್ನೂ ಕೇಳುವುದಿಲ್ಲ. ಪಕ್ಕದ ಮನೆಯವರಿಗೆ ಎಷ್ಟುಂಟು ಎಂದು ಕೇಳುವುದು. ಜನರ ಬಾಯಿ ಬಿಟ್ಟುಕೊಂಡಿತು. ಒಂದು ಮನೆಯಲ್ಲಿ ಪ್ರಶ್ನೆ ಮುಗಿಸಲು ಮಧ್ಯಾಹ್ನದವರೆಗೆ ಬೇಕಾಗುತ್ತಿತ್ತು. ಆಚೆಮನೆಯ ಹೆಂಗಸು ಒಗ್ಗರಣೆ ಹಾಕುವ ಸದ್ದಿನಿಂದ ಅವಳ ಗಂಡ ಯಾವ ಮುಖದಲ್ಲಿ ಬಂದಿದ್ದಾನೆ ಎಂದು ಹೇಳುವವರಿದ್ದರು. ಬಂಟರವಳು ಬ್ಯಾರಿ ಹೆಂಗಸಿನ ಬಗ್ಗೆ, ಬ್ಯಾರ್ದಿ ಜೈನರವಳ ಬಗ್ಗೆ, ಅಳೆದು ತೂಗಿ ಹಾಕುತ್ತಿದ್ದರು. ಹಾಕಿದ ಕಾಳನ್ನು ಮತ್ತೆ ತೆಗೆದು, “ಅಲ್ಲ, ಅಷ್ಟು ಇಲ್ಲ, ಮೊನ್ನೆ ತಮ್ಮ ಬಂದು ಹೋದ ಮೇಲೆ ಸ್ವಲ್ಪ ಕಡಿಮೆ” ಎಂದು ತಿದ್ದುತ್ತಿದ್ದರು. ಮತ್ತು ಹೀಗೆ ಅಳೆದಾಗ ಗುಂಪು ಗುಂಪಿನ ನಡುವಿನ ಆ ನೀಟ್ ವ್ಯತ್ಯಾಸ ಎಲ್ಲಿಗೋ ಹೋಯಿತು. ಎಲ್ಲ ಕೇರಿಯಲ್ಲೂ ಗೆರಟೆಗಳು ಹೆಚ್ಚು ಕಡಿಮೆ ಒಂದೇ ತರಹ ತುಂಬತೊಡಗಿದವು.

ಆ ತಿಂಗಳುಗಳಲ್ಲಿ ಮಿಸ್ ಹೇಗಿದ್ದರು ಎಂದು ಈಗ ನೆನಪು ಮಾಡಿಕೊಳ್ಳುತ್ತೇನೆ. ಕೊಡೆಯನ್ನು ಬಸ್ಸಿನಲ್ಲಿ ಮರೆಯುತ್ತಿದ್ದರು. ನನ್ನನ್ನು ‘ಮಿಸ್ ಇಂಟರ್‌ಪ್ರಿಟರ್’ ಎಂದು ಕರೆಯುತ್ತಿದ್ದರು, ನಾನು ಅನುವಾದದಲ್ಲಿ ಏನಾದರೂ ನುಂಗಿದರೆ ಮಾತ್ರ ಪೂರ್ತಿ ಹೆಸರು ಹಿಡಿಯುತ್ತಿದ್ದರು. ಯೋಚನೆ ಮಾಡುವಾಗ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮುಷ್ಟಿ ಆದ ಮೇಲೆ ಏನೋ ತೀರ್ಮಾನವಾದ ಹಾಗೆ ಬಿಡಿಸುತ್ತಿದ್ದರು. ಕಣ್ಣು ತಾಗುವುದನ್ನೆಲ್ಲ ನಂಬುತ್ತೀರಾ ಎಂದು ಗಿರಿಜಕ್ಕ ಕೇಳಿದಾಗ, “ಅದು ಸೂಪರ್‌ಸ್ಟಿಷನ್ ಅಲ್ಲ, ಡೇಟಾದಲ್ಲಿ ಬರುವ ತೊಂದರೆ” ಎಂದರು. ಗಿರಿಜಕ್ಕನಿಗೆ ಸಮಾಧಾನವಾಯಿತು. ಡೇಟಾ ಎಂದರೆ ಯಾವುದೋ ದೈವ ಎಂದು ತಿಳಿದಿರಬೇಕು.

ಪ್ರೊಫೆಸರರಿಗೆ ಸಮಾಧಾನವಾಗಲಿಲ್ಲ. ನೆರೆಹೊರೆಯವರ ಮಾತಿಗೆ ಇಂಗ್ಲಿಷಿನಲ್ಲಿ ಗಾಸಿಪ್ ಎಂದು ಹೆಸರು, ಅದಕ್ಕೆ ಡಾಕ್ಟರೇಟ್ ಕೊಡುವ ಪದ್ಧತಿ ಇಲ್ಲ ಎಂದು ಬರೆದರು. ತಾನೇ ಬಂದು ನೋಡುತ್ತೇನೆ, ಹೊಸ ಕ್ರಮ ನಿಲ್ಲದಿದ್ದರೆ ಮೊದಲಿನ ರಿಸಲ್ಟನ್ನೇ ಅಚ್ಚು ಹಾಕಿಸುವುದು ಎಂದೂ ಬರೆದರು.

ಮಿಸ್ ಪತ್ರ ಮಡಚಿದರು. “ಹಾಗಾದ್ರೆ ಐಸಮ್ಮ ಸುಖಿ ಅಂತ ಪ್ರಿಂಟ್ ಆಗ್ತದೆ” ಎಂದರು.

ಪ್ರೊಫೆಸರರು ಮಳೆ ಮುಗಿದ ಮೇಲೆ ಬಂದರು. ಕೋಟು ಹಾಕಿದ, ಮೃದು ಮಾತಿನ ಹಿರಿಯರು. ಬಸ್ಸಿನ ತಿರುವುಗಳಲ್ಲಿ ಬಳಲಿ ಬಿಳುಚಿಕೊಂಡಿದ್ದರು. ಆದರೂ ಕೆಲಸದಲ್ಲಿ ಫೇರ್ ಮನುಷ್ಯ. ಒಂದು ಕಪ್ ಕಾಫಿ ಕುಡಿದು, ಸುಲಭದ ಟೆಸ್ಟ್ ಒಂದು ಸಾಕು ಎಂದರು. ನೆರೆಯವರಿಗೆ ಎಲ್ಲ ಗೊತ್ತಿರುತ್ತದೆ ಎಂದು ನೀವು ಹೇಳುತ್ತೀರಿ. ನಿಮಗೂ ನೆರೆಯವರು ಇದ್ದಾರೆ. ನಿಮ್ಮ ಸಂತೋಷದ ಗೆರಟೆಯನ್ನು ನೀವು ನನ್ನ ಎದುರು ತುಂಬಿಸಿ, ಅದೇ ಹೊತ್ತಿಗೆ ಅವರು ಹಿತ್ತಿಲಿನಲ್ಲಿ ತುಂಬಿಸಲಿ. ಎರಡೂ ಒಂದೇ ಆದರೆ ನಿಮ್ಮ ಕ್ರಮ ಸರಿ. ಡಾಕ್ಟರೇಟಿಗೆ ನಾನೇ ಶಿಫಾರಸು ಮಾಡುತ್ತೇನೆ.

ಮಿಸ್ ಒಪ್ಪಿದರು. ಬೇಡ ಎನ್ನಲು ಅವರಿಗೆ ಕಾರಣ ಇರಲಿಲ್ಲ.

ನಾನು ಗೆರಟೆ, ಗುಲಗಂಜಿ ಹಿಡಿದುಕೊಂಡು ಗೋಡೆಯ ಹತ್ತಿರ ಹೋದೆ. ಐಸಮ್ಮ ಮೀನು ಹೆಚ್ಚುತ್ತಿದ್ದವಳು ಕೈ ತೊಳೆದು ಬಂದಳು. ವಿಷಯ ಹೇಳಿದೆ. ಬೇರೆ ಯಾರ ಬಗ್ಗೆಯೇ ಆದರೂ ಅವಳು ಯೋಚಿಸಿ ಯೋಚಿಸಿ ಹಾಕುವವಳು. ಅಂದು ಚೀಲಕ್ಕೆ ಕೈ ಹಾಕಿ ಬೊಗಸೆ ತೆಗೆದು ಸುರಿದಳು. ತುಂಬಿತು, ಚೆಲ್ಲಿತು. ನೆಲಕ್ಕೆ ಬಿದ್ದದ್ದನ್ನೂ ಹೆಕ್ಕಿ ಮೇಲೆ ಇಟ್ಟಳು. ಪರಪುರುಷರ ಎದುರಿಗೆ ಬರುವುದಿಲ್ಲ, ಆದರೆ ಏನಾಗುತ್ತದೆ ಎಂದು ಕೇಳಬೇಕು ಎಂದು ತಲೆಯ ವಸ್ತ್ರ ಸರಿಮಾಡಿಕೊಂಡು ನನ್ನ ಹಿಂದೆಯೇ ಬಂದು ಒಳಬಾಗಿಲಿನ ಮರೆಯಲ್ಲಿ ನಿಂತಳು.

ಮೇಜಿನ ಮೇಲೆ ಮಿಸ್ಸಿನ ಗೆರಟೆ ಇತ್ತು. ಸರಿಯಾಗಿ ಅರ್ಧ. ನಾನು ಪಕ್ಕದಲ್ಲಿ ಐಸಮ್ಮನದನ್ನು ಇಟ್ಟೆ. ಇಡುವಾಗ ಕೆಲವು ಕಾಳು ಉರುಳಿ ಪ್ರೊಫೆಸರರ ಸಾಸರಿಗೆ ಬಿದ್ದವು.

ಪ್ರೊಫೆಸರರು ಎರಡನ್ನೂ ನೋಡಿ, ಬೇಸರದಿಂದಲೇ, ಇಬ್ಬರ ಲೆಕ್ಕ ಕೂಡುವುದಿಲ್ಲವಲ್ಲ ಎಂದರು. ಬಾಗಿಲ ಮರೆಯಲ್ಲಿದ್ದವಳು ಯಾವ ಆಧಾರದ ಮೇಲೆ ಹಾಕಿದಳು ಎಂದು ಕೇಳಲು ನನಗೆ ಹೇಳಿದರು. ಕೇಳಿದೆ. ಅವಳು ತುಳುವಿನಲ್ಲಿ ಹೇಳಿದ್ದನ್ನು ನಾನು ಒಂದೊಂದಾಗಿ ಇಂಗ್ಲಿಷ್ ಮಾಡುತ್ತಾ ಹೋದೆ.

“ಬೆಳಿಗ್ಗೆ ಎದ್ದ ಕೂಡ್ಲೆ ಹಿತ್ತಿಲ ಬಾಗಿಲು ತೆಗೀತಾರೆ. ಸುಖ ಇಲ್ಲದವರು ಎದುರು ಬಾಗಿಲು ಮಾತ್ರ ತೆಗೆಯುದು, ಅದು ಊರಿನವರಿಗೋಸ್ಕರ. ಹಿತ್ತಿಲ ಬಾಗಿಲು ತೆಗೆಯುದು ನಮಗೋಸ್ಕರ. ಗಂಜಿ ಬಸಿಯುವಾಗ ಪದ ಹಾಡ್ತಾರೆ. ಸ್ವರ ಒಳ್ಳೆದಿಲ್ಲ, ಆದ್ರೂ ಹೇಳ್ತಾರೆ. ಬಂದ ಹೊಸತಿಗೆ ಇವರು ಬಟ್ಟೆ ಒಗೆದ್ರೆ ಕಲ್ಲಿಗೆ ಬೀಳುವ ಪೆಟ್ಟು ನನ್ನ ಅಡುಗೆಮನೆಗೆ ಕೇಳ್ತಿತ್ತು. ಯಾರ ಮೇಲೆ ಸಿಟ್ಟೋ ಅಂತ ನಾನು ಹೆದರ್ತಿದ್ದೆ. ಈಗ ಕೇಳುದೇ ಇಲ್ಲ. ಹೆಂಗಸು ಸುಮ್ಮನೆ ಬಟ್ಟೆ ಒಗೀತಾಳೆ ಅಂದ್ರೆ ಮತ್ತೆಂತ ಬೇಕು?”

ಅದೇ ಮನೆಯಲ್ಲಿ ಮಲಗಿ ಏಳುತ್ತಿದ್ದ ನಾನು ಇದಾವುದನ್ನೂ ಗಮನಿಸಿರಲಿಲ್ಲ. ನಾನು ಎಜುಕೇಟೆಡ್ ಆಗಿದ್ದೆ, ಗೋಡೆಯ ಆಚೆ ಇರಲಿಲ್ಲ.

ಪ್ರೊಫೆಸರರು ಎಲ್ಲ ಕೇಳಿಸಿಕೊಂಡರು. ಆಮೇಲೆ ಮಿಸ್ ಕಡೆ ತಿರುಗಿ, ಈಗ ಎರಡೇ ಸಾಧ್ಯತೆ ಎಂದರು. ಈ ಹೆಂಗಸು ತಪ್ಪಿದ್ದರೆ ನಿಮ್ಮ ಕ್ರಮ ತಪ್ಪು, ಮೊದಲಿನ ರಿಸಲ್ಟ್ ನಿಲ್ಲುತ್ತದೆ. ಇವಳು ಸರಿ ಇದ್ದರೆ ನೀವು ತುಂಬಿಸಿದ ಗೆರಟೆ ಸುಳ್ಳು. ಯಾವುದು?

ಮಿಸ್ ಎಡಗೈಯ ಬೆರಳುಗಳನ್ನು ಮಡಚಿದರು. ಮುಷ್ಟಿ ಆಯಿತು, ಬಿಡಿಸಲಿಲ್ಲ. ನನಗೆ ಅದುವರೆಗೆ ಹೊಳೆದಿರಲಿಲ್ಲ, ಆಗ ಹೊಳೆಯಿತು. ವರ್ಷವಿಡೀ ಎಲ್ಲರ ಬಾಯಿಯಿಂದ ಹೊರಡಿಸಲು ನೋಡಿದ ಆ ಒಂದು ಮಾತು ಅವರ ಬಾಯಿಯಿಂದಲೂ ಬರುತ್ತಿರಲಿಲ್ಲ. ಮದ್ರಾಸಿನಲ್ಲಿ ಬೆಳೆದರೂ ಬೆಳೆಸಿದ್ದು ಮೂಡಬಿದ್ರೆಯ ತಾಯಿ ಅಲ್ವಾ? ಇನ್ನೊಂದೂ ಇತ್ತು. ಐಸಮ್ಮ ಸರಿ ಎಂದು ಒಪ್ಪಿದರೆ ಥೀಸಿಸ್ ಮುಗಿಯಿತು. ಥೀಸಿಸ್ ಮುಗಿದರೆ ಹಿತ್ತಿಲ ಬಾಗಿಲೂ, ಗೋಡೆಯೂ ಮುಗಿಯಿತು. ತಪ್ಪು ಎಂದರೆ ಐಸಮ್ಮನ ಬೋರಲು ಹಾಕಿದ ಗೆರಟೆ ಹಾಗೆಯೇ ಪುಸ್ತಕಕ್ಕೆ ಹೋಗುತ್ತದೆ.

ಪ್ರೊಫೆಸರರು ಸಾಸರಿನಿಂದ ಗುಲಗಂಜಿ ಹೆಕ್ಕಿ ಮೇಜಿನ ಮೇಲೆ ಸಾಲಾಗಿ ಇಡುತ್ತಾ ಕಾದರು.

ಮಿಸ್ ಒಮ್ಮೆ ಕಿಟಕಿ ನೋಡಿದರು, ಒಮ್ಮೆ ಜಗಲಿ ನೋಡಿದರು. ಯಾರಾದರೂ ಕೇಳುತ್ತಿದ್ದಾರಾ ಎಂದು ನಮ್ಮ ಅಮ್ಮಂದಿರು ನೋಡುವ ಹಾಗೆ. ಆಮೇಲೆ ಬಹಳ ಸಣ್ಣ ಸ್ವರದಲ್ಲಿ, “ಐಸಮ್ಮ ಈಸ್ ರೈಟ್, ಸರ್. ಐ ಆಮ್ ಹ್ಯಾಪಿ ಹಿಯರ್” ಎಂದರು.

ಸೆಂಟೆನ್ಸಿನಲ್ಲಿ ಗ್ರಾಮರ್ ತಪ್ಪೇನೂ ಇರಲಿಲ್ಲ. ಆದರೆ ಅಪರಾಧಿ ಕೋರ್ಟಿನಲ್ಲಿ ಹೇಳುವ ಹಾಗೆ ಹೇಳಿದರು. ಮುಖ ಕಿವಿಯವರೆಗೆ ಕೆಂಪಾಗಿತ್ತು.

ಬಾಗಿಲ ಮರೆಯಿಂದ ಐಸಮ್ಮ, “ಎಂತ ಹೇಳಿದ್ರು ಮಗಾ?” ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆದೆ. ಅದು ನನ್ನ ಕೆಲಸ. ಮಿಸ್ ಕೈ ಎತ್ತಿ ತಡೆದರು.

“ಅದನ್ನು ತುಳುವಿಗೆ ಮಾಡುದು ಬೇಡ” ಎಂದರು.

ಪ್ರೊಫೆಸರರಿಗೆ ಅಷ್ಟು ಸಾಕಾಯಿತು. ಮದ್ರಾಸಿನಲ್ಲಿ ತನ್ನ ಅತ್ತಿಗೆಯೂ ಹೀಗೆಯೇ, ಎಂಥ ಹಬ್ಬದ ದಿನವೂ ತಲೆನೋವು ಎನ್ನುತ್ತಾಳೆ, ಈಗ ಅರ್ಥವಾಯಿತು ಎಂದು ಹೇಳಿ ಎರಡು ಗೆರಟೆಗಳನ್ನೂ ಖಾಲಿ ಮಾಡಿದರು. ಮೊದಲಿನ ರಿಸಲ್ಟ್ ಅಚ್ಚಾಗಲಿಲ್ಲ. ಡಾಕ್ಟರೇಟ್ ಬಂತು. ಕಾಲೇಜಿನವರು ಕೂಡಲೇ ಬಂದು ಸೇರಬೇಕೆಂದು ತಂತಿ ಕೊಟ್ಟರು.

ಆಮೇಲಿನ ಜೀವನದಲ್ಲಿ ಮಿಸ್ ದೊಡ್ಡ ಹೆಸರು ಮಾಡಿದರು ಎಂದು ಕೇಳಿದ್ದೇನೆ. ನನ್ನ ಮದುವೆಯಾದ ಮೇಲೆ ಒಮ್ಮೆ ಮದ್ರಾಸಿಗೆ ಹೋಗಿ ನೋಡಿ ಬಂದೆ. ಮಹಡಿಯ ಮೇಲಿನ ಮನೆ, ತುಂಬ ಪುಸ್ತಕ, ಚೊಕ್ಕಟ ಅಡುಗೆಮನೆ. ಹಿತ್ತಿಲ ಬಾಗಿಲು ಇರಲಿಲ್ಲ. ಅದು ಮನೆ ಕಟ್ಟಿದವರ ತಪ್ಪು, ಅವರದಲ್ಲ. ಹೇಗಿದ್ದೀರಿ ಮಿಸ್ ಎಂದು ನಾನು ಕೇಳಲಿಲ್ಲ. ಪಕ್ಕದ ಮನೆಯವರನ್ನು ಕೇಳೋಣವೆಂದರೆ, ಅವರ ಬಾಗಿಲಿಗೆ ಬೀಗ ಹಾಕಿತ್ತು.

ನನಗೆ ನೆನಪಿನಲ್ಲಿ ಉಳಿದದ್ದು ಅವರು ಬಂಟ್ವಾಳ ಬಿಟ್ಟ ದಿನ. ಟ್ರಂಕು ಬಸ್ಸಿನ ತಲೆಗೆ ಏರಿತ್ತು. ಗಿರಿಜಕ್ಕ ಅಳುತ್ತಿದ್ದರು. ಐಸಮ್ಮ ರಸ್ತೆಗೆ ಬರುವವಳಲ್ಲ, ಆದರೂ ಆ ದಿನ ವಸ್ತ್ರ ಹೊದ್ದು ಬಸ್ಸಿನ ಬಾಗಿಲಿನವರೆಗೆ ಬಂದಿದ್ದಳು. ಬಾಳೆ ಎಲೆಯಲ್ಲಿ ಕಟ್ಟಿದ ಪತ್ತಿರನ್ನು ಮಿಸ್ಸಿನ ಕೈಗೆ ಕೊಟ್ಟು, ಹೊತ್ತು ಮುಳುಗುವ ಮೊದಲು ತಿನ್ನಬೇಕು ಎಂದಳು. ಅಂದಿನ ಮಾತನ್ನು ನಾನು ತುಳುವಿಗೆ ಮಾಡದಿದ್ದರೂ ಬಾಗಿಲ ಮರೆಯಲ್ಲೇ ಅವಳಿಗೆ ಅರ್ಥವಾಗಿತ್ತು; ಇಷ್ಟು ದಿನ ತಡೆದುಕೊಂಡದ್ದನ್ನು ಆಮೇಲೆ ಹೇಳಿಬಿಟ್ಟಳು.

“ಆವತ್ತು ನೀವು ಹೇಳಬಾರದಿತ್ತು ಟೀಚರ್. ನಾನು ಹೇಳಿದ್ದೆ ಅಲ್ವಾ, ಅದು ಸಾಕಿತ್ತು. ಇಂಗ್ಲಿಷಿನಲ್ಲಿ ಹೇಳಿದ್ರೆ ಕಣ್ಣು ತಾಗುದಿಲ್ಲ ಅಂತ ಗ್ರಹಿಸಿದ್ರಾ? ನೋಡಿ ಈಗ.”

ಡಾಕ್ಟರೇಟ್ ಪಡೆದ ಸೈಕಾಲಜಿಸ್ಟ್ ಇದಕ್ಕೆ ಸೈಂಟಿಫಿಕ್ ಆದ ಉತ್ತರ ಕೊಡುತ್ತಾರೆ, ನಾನು ಅದನ್ನು ತುಳುವಿಗೆ ಮಾಡಬೇಕಾಗುತ್ತದೆ ಎಂದು ನಾನು ಕಾದು ನಿಂತಿದ್ದೆ. ಕಂಡಕ್ಟರ್ ಎರಡನೆಯ ಸಲ ಸೀಟಿ ಊದಿದ. ಮಿಸ್ ಆ ಎಲೆಯ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಮ್ಮದೇ ಊಟದ ತುಳುವಿನಲ್ಲಿ, “ಹೌದು ಐಸಮ್ಮ, ತಾಗಿತು” ಎಂದು ಹೇಳಿ ಬಸ್ಸು ಹತ್ತಿದರು.